ಡಾಕ್ಟರು ಬಿಟ್ಟ ಸೂಜಿ ಆಯಾ ಕೈಗೆ!

ಹಿರೇಹಡಗಲಿ: ಇಂಜೆಕ್ಷನ್ ಆಯಿತು, ಚೀಟಿ ಬರೆಸಿದ್ದಾಯಿತು, ರೋಗಿ ಹಡಗಲಿ ಬಸ್ಸು ಹತ್ತಿದ. ಚುಚ್ಚಿದ ಸೂಜಿ ಎಲ್ಲಿ ಹೋಯಿತು? ಕೇಳಿದವರುಂಟೇ?

ಹಳ್ಳಿ ಆಸ್ಪತ್ರೆಯಿರಲಿ, ಪಟ್ಟಣದ ನರ್ಸಿಂಗ್ ಹೋಮ್ ಇರಲಿ, ಆ ಸೂಜಿ ಬಾಳೆಹಣ್ಣಿನ ಸಿಪ್ಪೆಯ ಜತೆ ಒಂದೇ ಬುಟ್ಟಿಗೆ ಬಿದ್ದರೆ ಚುಚ್ಚುವುದು ಡಾಕ್ಟರಿಗಲ್ಲ. ಬೆಳಿಗ್ಗೆ ಕಸ ಎತ್ತುವ ಆಯಾಗೆ, ಇಲ್ಲವೇ ತಿಪ್ಪೆಯಲ್ಲಿ ಪ್ಲಾಸ್ಟಿಕ್ ಆಯುವ ಹುಡುಗನಿಗೆ. ಹೆಪಟೈಟಿಸ್ ‘ಬಿ’, ‘ಸಿ’, ಎಚ್.ಐ.ವಿ. ಅಂಟಲು ಒಂದು ಚುಚ್ಚು ಸಾಕು.

ಹಾಗಂತ ಆಸ್ಪತ್ರೆಯ ಕಸವೆಲ್ಲ ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರಕ್ಕೆ ಸುಮಾರು 85 ಪಾಲು ಮನೆಯ ಕಸದಂಥದ್ದೇ. ಅಪಾಯದ್ದು 15 ಪಾಲು. ಎರಡನ್ನೂ ಕಲಸಿದಿರೋ, ನೂರಕ್ಕೆ ನೂರೂ ಅಪಾಯ!

ಕಾನೂನು 1998ರಿಂದಲೇ ಇದೆ. 2016ರ ನಿಯಮದಲ್ಲಿ ನಾಲ್ಕು ಬಣ್ಣ. ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ. ಗ್ಲೂಕೋಸ್ ನಳಿಕೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಗಟ್ಟಿಯಾದ ಬಿಳಿ ಡಬ್ಬಿಗೆ. ಗಾಜಿನ ಬಾಟಲಿ ನೀಲಿಗೆ. ರಕ್ತದ ಹತ್ತಿ, ಬ್ಯಾಂಡೇಜಿನಂಥ ಕಸವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಕೂಡಿಡುವಂತಿಲ್ಲ. ಸಿಬ್ಬಂದಿಗೆ ತರಬೇತಿ, ಹೆಪಟೈಟಿಸ್ ‘ಬಿ’ ಮತ್ತು ಧನುರ್ವಾಯು ಲಸಿಕೆ ಕೊಡಿಸುವ ಹೊಣೆ ಆಸ್ಪತ್ರೆ ನಡೆಸುವವರದು.

ಮತ್ಯಾಕೆ ತಪ್ಪುತ್ತದೆ? ‘ನಮ್ಮ ಮಂದಿಗೆ ಶಿಸ್ತಿಲ್ಲರೀ’ ಅನ್ನುವುದು ಸುಲಭ. ಬಿಳಿ ಡಬ್ಬಿ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರವಿದ್ದರೆ, ರೋಗಿಗಳು ಸಾಲುಗಟ್ಟಿ ನಿಂತಾಗ ಯಾವ ನರ್ಸಮ್ಮ ಅಷ್ಟು ನಡೆದಾರು? ದೊಡ್ಡ ಡಾಕ್ಟರೇ ಕೈಗವಸನ್ನು ಸಿಕ್ಕಲ್ಲಿ ಎಸೆದರೆ, ಆಯಾಗೆ ಬುದ್ಧಿ ಹೇಳುವ ಬಾಯಿ ಯಾರಿಗಿದೆ?

ಅಂಗಡಿಕಾರರಿಗೆ ಇದು ಗೊತ್ತಿಲ್ಲದ ಮಾತಲ್ಲ. ಸಾಹುಕಾರ ಗಲ್ಲಾ ಬಿಟ್ಟೆದ್ದು ಚೆಲ್ಲಿದ ಕಾಳು ಆರಿಸಿದರೆ ಆಳುಗಳೂ ಬಗ್ಗುತ್ತಾರೆ. ಗೋಡೆಗೆ ಫಲಕ ಬರೆಸಿ ಕೂತರೆ ಫಲಕವೇ ಉಳಿಯುತ್ತದೆ.

ಡಬ್ಬಿ ಕೈಗೆಟುಕುವಲ್ಲಿರಲಿ. ಮೇಲಿನವರು ವಾರಕ್ಕೊಮ್ಮೆ ವಾರ್ಡು ಸುತ್ತಿ, ಸರಿ ಮಾಡಿದವರ ಹೆಸರನ್ನು ಎಲ್ಲರೆದುರು ಹೇಳಲಿ. ಬುಟ್ಟಿ ಎಲ್ಲಿಡಬೇಕೆಂದು ಆಯಾಳನ್ನೇ ಕೇಳಲಿ. ದಿನಾ ಎತ್ತುವವಳು ಅವಳೇ. ಮುಖ್ಯ ಮಾತು: ಸೂಜಿ ಚುಚ್ಚಿತೆಂದು ಬಂದವಳನ್ನು ಗದರಬಾರದು. ಗದರಿದರೆ ಮುಚ್ಚಿಡುತ್ತಾಳೆ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಕೇಂದ್ರ ಸರ್ಕಾರ 2015ರಲ್ಲಿ ‘ಕಾಯಕಲ್ಪ’ ಪ್ರಶಸ್ತಿ ಶುರುಮಾಡಿತು. ಸರ್ಕಾರಿ ಆಸ್ಪತ್ರೆಯ ಸ್ವಚ್ಛತೆ, ಕಸ ವಿಲೇವಾರಿ, ಸೋಂಕು ತಡೆಗೆ ಅಂಕ, ಗೆದ್ದರೆ ನಗದು ಬಹುಮಾನ. ಗೆದ್ದ ಕಡೆ ಫೋಟೋದ ಮುಂದಿನ ಸಾಲಿನಲ್ಲಿ ಆಯಾಳೂ ನಿಲ್ಲಲಿ.

ಇನ್ನು ಸಾರ್ವಜನಿಕರು? ಮುಂದಿನ ಸಲ ಇಂಜೆಕ್ಷನ್ ಆದ ಮೇಲೆ ಬಸ್ಸಿಗೆ ಓಡುವ ಮುನ್ನ ಒಮ್ಮೆ ತಿರುಗಿ ನೋಡಿ: ಸೂಜಿ ಬಿಳಿ ಡಬ್ಬಿಗೆ ಬಿತ್ತೇ? ಕೇಳುವವರಿದ್ದರೆ ತಾನೇ ಮಾಡುವವರು!