ಶೋಧಗಂಗಾ: ಮಹಾಪ್ರಬಂಧಗಳು ಎಲ್ಲರ ಓದಿಗೆ ದೊರೆಯುವ ಬಗೆ



ಪಿಎಚ್.ಡಿ. ಪದವಿಗಾಗಿ ಸಿದ್ಧಪಡಿಸುವ ಮಹಾಪ್ರಬಂಧವು ಕನಿಷ್ಠ ಮೂರು ವರ್ಷಗಳ, ಅನೇಕ ವೇಳೆ ಐದಾರು ವರ್ಷಗಳ ಪರಿಶ್ರಮದ ಫಲ. ಶಾಸನಗಳನ್ನು ಓದಿ, ಹಸ್ತಪ್ರತಿಗಳನ್ನು ಹೋಲಿಸಿ, ಊರೂರು ಅಲೆದು ಹಿರಿಯರ ಬಾಯಿಂದ ಕೇಳಿ ಸಂಗ್ರಹಿಸಿದ ವಿಷಯವು ಅದರಲ್ಲಿರುತ್ತದೆ. ಪದವಿ ಪ್ರದಾನವಾದಾಗ ಮನೆಮಂದಿಯೆಲ್ಲ ಹರ್ಷಿಸುತ್ತಾರೆ, ಊರಿನಲ್ಲಿ ಸನ್ಮಾನ ನಡೆಯುತ್ತದೆ. ಆದರೆ ಆ ಪ್ರಬಂಧವು ಎಲ್ಲಿದೆ, ಅದನ್ನು ಯಾರು ಓದಬಹುದು ಎಂದು ಕೇಳುವವರು ವಿರಳ. ಬಹುಕಾಲದವರೆಗೆ ಈ ಪ್ರಶ್ನೆಗೆ ಇದ್ದ ಉತ್ತರ ಒಂದೇ: ರಟ್ಟು ಕಟ್ಟಿಸಿದ ಕೆಲವೇ ಪ್ರತಿಗಳು, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಕಪಾಟು. ಇಂದು ಪರಿಸ್ಥಿತಿ ಬದಲಾಗಿದೆ. ಬದಲಾವಣೆ ಆದುದು ಹೇಗೆ, ಅದರ ಪ್ರಯೋಜನವು ಕನ್ನಡ ಸಂಶೋಧನೆಗೆ ಪೂರ್ಣವಾಗಿ ದೊರೆಯಲು ಇನ್ನೇನು ಆಗಬೇಕು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಸಂಶೋಧನಾರ್ಥಿಗಳಿರುವುದರಿಂದ ಇದು ವಿದ್ವಾಂಸರಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ.

ಶೋಧಗಂಗಾ ಎಂದರೇನು?

ಗುಜರಾತಿನ ಗಾಂಧಿನಗರದಲ್ಲಿ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರವಿದೆ. ದೇಶದ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಒಂದು ಜಾಲದಲ್ಲಿ ಜೋಡಿಸುವ ಉದ್ದೇಶದಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರಲ್ಲಿ ಆರಂಭಿಸಿದ ಕಾರ್ಯಕ್ರಮ ಇದು. 1996ರಲ್ಲಿ ಸ್ವತಂತ್ರ ಕೇಂದ್ರವಾಯಿತು. ಈ ಕೇಂದ್ರವು ನಡೆಸುತ್ತಿರುವ ಮಹಾಪ್ರಬಂಧಗಳ ಡಿಜಿಟಲ್ ಭಂಡಾರಕ್ಕೆ ಶೋಧಗಂಗಾ ಎಂದು ಹೆಸರು. ಅನೇಕ ಕಡೆಗಳಿಂದ ನೀರು ಬಂದು ಸೇರುವ ನದಿಯಂತೆ ಎಲ್ಲ ವಿಶ್ವವಿದ್ಯಾಲಯಗಳ ಸಂಶೋಧನೆಯೂ ಇಲ್ಲಿ ಬಂದು ಸೇರುತ್ತದೆ. ಇನ್ನೂ ನಡೆಯುತ್ತಿರುವ ಸಂಶೋಧನೆಗಳ ರೂಪುರೇಷೆಗಳಿಗಾಗಿ ಶೋಧಗಂಗೋತ್ರಿ ಎಂಬ ಪ್ರತ್ಯೇಕ ಭಂಡಾರವಿದೆ.

ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂಬ ನಿಯಮವನ್ನು ಆಯೋಗವು 2009ರಲ್ಲಿ ತಂದಿತು. 2016ರ ನಿಯಮಾವಳಿಯು ಇದನ್ನು ಇನ್ನಷ್ಟು ಬಿಗಿಗೊಳಿಸಿ, ಮೌಲ್ಯಮಾಪನ ಮುಗಿದ ಮೇಲೆ, ಪದವಿಯನ್ನು ಘೋಷಿಸುವ ಮೊದಲೇ ಪ್ರತಿಯು ಇನ್‌ಫ್ಲಿಬ್‌ನೆಟ್‌ಗೆ ಸೇರಬೇಕೆಂದು ವಿಧಿಸಿತು. 2022ರ ನಿಯಮಾವಳಿಯೂ ಇದನ್ನೇ ಉಳಿಸಿಕೊಂಡಿದೆ. ಇದರ ಫಲವಾಗಿ ಇಂದು ಈ ಭಂಡಾರದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ.

ಭಂಡಾರದ ವ್ಯವಸ್ಥೆ ಸರಳವಾದುದು. ಪ್ರಬಂಧಗಳನ್ನು ವಿಶ್ವವಿದ್ಯಾಲಯ ಮತ್ತು ವಿಭಾಗಗಳ ಅನುಕ್ರಮದಲ್ಲಿ ಜೋಡಿಸಲಾಗಿದೆ. ಶೀರ್ಷಿಕೆ, ಸಂಶೋಧಕರ ಹೆಸರು, ಮಾರ್ಗದರ್ಶಕರ ಹೆಸರು, ವಿಷಯಸೂಚಕ ಪದ ಇವುಗಳಲ್ಲಿ ಯಾವುದರಿಂದಲಾದರೂ ಹುಡುಕಬಹುದು. ಪ್ರತಿ ಅಧ್ಯಾಯವೂ ಪ್ರತ್ಯೇಕ ಪಿಡಿಎಫ್ ಕಡತವಾಗಿರುವುದರಿಂದ ಬೇಕಾದ ಭಾಗವನ್ನಷ್ಟೇ ತೆರೆದು ಓದಬಹುದು. ಓದಲು ಶುಲ್ಕವಿಲ್ಲ. ಪ್ರತಿಯೊಂದು ಪ್ರಬಂಧಕ್ಕೂ ಒಂದು ಶಾಶ್ವತ ಸಂಖ್ಯೆಯಿದೆ. ಜಾಲತಾಣದ ರೂಪ ಬದಲಾದರೂ ಆ ಸಂಖ್ಯೆಯಿಂದ ಪ್ರಬಂಧವನ್ನು ತಲುಪಬಹುದು.

ಇಂತಹ ಪ್ರಯತ್ನದಲ್ಲಿ ನಮ್ಮ ನಾಡಿಗೆ ಅಗ್ರಸ್ಥಾನವಿದೆ ಎಂಬುದು ಹೆಮ್ಮೆಯ ಸಂಗತಿ. ಸಂಸ್ಥೆಯೊಂದು ತನ್ನ ವಿದ್ವಾಂಸರ ಲೇಖನಗಳನ್ನು ತಾನೇ ಸಂಗ್ರಹಿಸಿ ಮುಕ್ತವಾಗಿ ಒದಗಿಸುವ ಭಂಡಾರವನ್ನು ಭಾರತದಲ್ಲಿ ಮೊದಲು ತೆರೆದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 2002ರಲ್ಲಿ.

ಮುಕ್ತವಾಗಿ ಏಕೆ ಕೊಡಬೇಕು?

ಮೊದಲನೆಯ ಕಾರಣ, ಸಂಶೋಧನೆಯ ವೆಚ್ಚದ ಬಹುಭಾಗವನ್ನು ಭರಿಸುವವರು ಜನರೇ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ವೃತ್ತಿವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಮಾರ್ಗದರ್ಶಕರ ವೇತನ, ಗ್ರಂಥಾಲಯ, ಪ್ರಯೋಗಾಲಯ ಇವೆಲ್ಲವೂ ತೆರಿಗೆಯ ಹಣದಿಂದ ನಡೆಯುತ್ತವೆ. ರೈತನೂ ವ್ಯಾಪಾರಿಯೂ ಕೊಟ್ಟ ಹಣದಿಂದ ಮೂಡಿದ ಜ್ಞಾನವು ಅವರ ಮಕ್ಕಳ ಕೈಗೆ ಮರಳಿ ಬರುವುದು ನ್ಯಾಯ.

ಎರಡನೆಯ ಕಾರಣ, ಮಾಡಿದ ಕೆಲಸವನ್ನೇ ಮತ್ತೆ ಮಾಡುವುದು ತಪ್ಪುತ್ತದೆ. ಮೈಸೂರಿನಲ್ಲಿ ಒಬ್ಬರು ಮಾಡಿ ಮುಗಿಸಿದ ಅಧ್ಯಯನವು ಕಲಬುರಗಿಯ ಸಂಶೋಧನಾರ್ಥಿಗೆ ತಿಳಿಯದಿದ್ದರೆ ಆತ ಮೊದಲಿನಿಂದ ಆರಂಭಿಸುತ್ತಾನೆ. ತಿಳಿದಿದ್ದರೆ ಅವರು ನಿಲ್ಲಿಸಿದಲ್ಲಿಂದ ಮುಂದುವರಿಯುತ್ತಾನೆ.

ಮೂರನೆಯ ಕಾರಣವು ನಮ್ಮಂತಹ ಸಂಸ್ಥೆಗಳಿಗೆ ಹೆಚ್ಚು ಹತ್ತಿರವಾದುದು. ಶರಣರ ಕಾಲ, ಮಠಗಳ ಪರಂಪರೆ, ಹಸ್ತಪ್ರತಿಗಳ ಪಾಠ ಇವುಗಳ ಬಗ್ಗೆ 'ಪಿಎಚ್.ಡಿ.ಯಲ್ಲಿ ಹೀಗೆ ಸಿದ್ಧವಾಗಿದೆ' ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪ್ರಬಂಧವು ಮುಕ್ತವಾಗಿದ್ದರೆ ಆ ಮಾತಿಗೆ ಆಧಾರವಿದೆಯೇ, ಯಾವ ಶಾಸನವನ್ನು ಉಲ್ಲೇಖಿಸಿದ್ದಾರೆ, ಎದುರು ವಾದವನ್ನು ಪರಿಗಣಿಸಿದ್ದಾರೆಯೇ ಎಂದು ಯಾರಾದರೂ ನೋಡಬಹುದು. ನಮಗೆ ಪ್ರಿಯವಾದ ತೀರ್ಮಾನವಾಗಲಿ ಅಪ್ರಿಯವಾದುದಾಗಲಿ, ಎರಡೂ ಅದೇ ಪರೀಕ್ಷೆಗೆ ಒಳಪಡುತ್ತವೆ. ಪದವಿ ದೊರೆತ ಮಾತ್ರಕ್ಕೆ ಪ್ರಬಂಧದ ಪ್ರತಿ ವಾಕ್ಯವೂ ಅಂತಿಮ ಸತ್ಯವಾಗುವುದಿಲ್ಲ ಎಂಬುದನ್ನೂ ಓದುಗರು ನೆನಪಿನಲ್ಲಿಡಬೇಕು.

ಈ ತತ್ತ್ವವು ನಮಗೆ ಹೊಸತೂ ಅಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮಠಗಳ ಗಂಟುಗಳಲ್ಲಿದ್ದ ತಾಡೋಲೆ ಮತ್ತು ಕಾಗದದ ಪ್ರತಿಗಳನ್ನು ಹುಡುಕಿ ತೆಗೆದು, 1923ರಲ್ಲಿ 'ವಚನ ಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಕೆಲವರ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗಳು ನಾಡಿನ ಓದಾದುದು ಆ ಕಾಯಕದಿಂದ. ಅಂದು ಮುದ್ರಣಯಂತ್ರ ಮಾಡಿದ ಕೆಲಸವನ್ನು ಇಂದು ಡಿಜಿಟಲ್ ಭಂಡಾರ ಮಾಡಬೇಕಾಗಿದೆ.

ಎರಡು ಸಂಶಯಗಳು

'ಮುಕ್ತವಾಗಿಟ್ಟರೆ ಕದಿಯುವುದಿಲ್ಲವೇ?' ಎಂಬುದು ಸಂಶೋಧನಾರ್ಥಿಗಳ ಮೊದಲ ಆತಂಕ. ವಾಸ್ತವದಲ್ಲಿ ಕಪಾಟಿನಲ್ಲಿ ಮುಚ್ಚಿಟ್ಟ ಪ್ರಬಂಧವನ್ನು ಕದಿಯುವುದೇ ಸುಲಭ. ಹೋಲಿಸಿ ನೋಡುವವರೇ ಇರುವುದಿಲ್ಲ. ಮುಕ್ತವಾಗಿರುವ ಪ್ರಬಂಧಕ್ಕೆ ಲೇಖಕರ ಹೆಸರು ಮತ್ತು ದಿನಾಂಕಗಳ ಸಾಕ್ಷ್ಯವಿರುತ್ತದೆ. ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಾವಳಿಯಂತೆ ಪ್ರಬಂಧದಲ್ಲಿ ಶೇಕಡಾ 10ನ್ನು ಮೀರಿದ ಸಾಮ್ಯ ಕಂಡುಬಂದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಹೋಲಿಸಲು ಪಠ್ಯಗಳು ದೊರೆತಾಗ ಮಾತ್ರ ಈ ತಪಾಸಣೆ ಸಾಧ್ಯ.

'ಪುಸ್ತಕವಾಗಿ ಪ್ರಕಟಿಸಲು ತೊಡಕಾಗದೇ?' ಎಂಬುದು ಎರಡನೆಯ ಆತಂಕ. ಓದಲು ಮುಕ್ತವಾಗಿಟ್ಟ ಮಾತ್ರಕ್ಕೆ ಬರೆದವರ ಹಕ್ಕು ಅಳಿಯುವುದಿಲ್ಲ. ಪರೀಕ್ಷಕರಿಗಾಗಿ ಬರೆದ ಪ್ರಬಂಧವನ್ನು ಸಾಮಾನ್ಯ ಓದುಗರಿಗಾಗಿ ಹೇಗಿದ್ದರೂ ಪುನಃ ರಚಿಸಬೇಕಾಗುತ್ತದೆ. ಭಂಡಾರದಲ್ಲಿ ಓದಿ ಮೆಚ್ಚಿದವರೇ ಆ ಪುಸ್ತಕದ ಮೊದಲ ಓದುಗರೂ ಆಗಬಹುದು.

ಕನ್ನಡಕ್ಕೆ ಇರುವ ತೊಡಕು

ಕನ್ನಡ ಪ್ರಬಂಧಗಳ ವಿಷಯದಲ್ಲಿ ಒಂದು ದೊಡ್ಡ ಕೊರತೆಯಿದೆ. ಭಂಡಾರದಲ್ಲಿ ಇದ್ದೂ ಅವು ಹುಡುಕಾಟಕ್ಕೆ ಸಿಕ್ಕದೆ ಹೋಗುವುದುಂಟು. ಇದಕ್ಕೆ ಕಾರಣ ಅಕ್ಷರಗಳನ್ನು ಗಣಕಯಂತ್ರವು ಇಟ್ಟುಕೊಳ್ಳುವ ರೀತಿ.

ಹಳೆಯ ಪದ್ಧತಿಯ ಕನ್ನಡ ಫಾಂಟುಗಳಲ್ಲಿ ಬೆರಳಚ್ಚು ಮಾಡಿದಾಗ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಗಣಕಯಂತ್ರದ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟು ಇಂಗ್ಲಿಷ್ ಸಂಕೇತಕ್ಕೆ ಕನ್ನಡದ ಆಕಾರವನ್ನು ತೊಡಿಸಿರುತ್ತದೆ, ಅಷ್ಟೆ. ಹುಡುಕುವ ಯಂತ್ರವು ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ನೋಡುತ್ತದೆ. ಆದ್ದರಿಂದ ನಾವು 'ಕಾಯಕ' ಎಂದು ಬರೆದು ಹುಡುಕಿದರೆ, ಆ ಪದವು ನೂರು ಬಾರಿ ಬಂದಿರುವ ಪ್ರಬಂಧವೂ ಸಿಕ್ಕದೆ ಹೋಗುತ್ತದೆ. ಸಾಮ್ಯವನ್ನು ಪರೀಕ್ಷಿಸುವ ತಂತ್ರಾಂಶಕ್ಕೂ ಇದೇ ತೊಂದರೆ.

ಯುನಿಕೋಡ್ ಪದ್ಧತಿಯಲ್ಲಿ ಜಗತ್ತಿನ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. 'ಕ' ಅಕ್ಷರದ ಸಂಖ್ಯೆ 3221. ಅದು ಯಾವ ದೇಶದ ಯಾವ ಯಂತ್ರದಲ್ಲೂ ಬದಲಾಗುವುದಿಲ್ಲ. ಇದರ ಪ್ರಯೋಜನವನ್ನು ಕಾಣಬೇಕೆಂದರೆ 'ವಚನ ಸಂಚಯ' ಜಾಲತಾಣವನ್ನು ನೋಡಬಹುದು. ಅಲ್ಲಿ ಒಂದು ಪದವನ್ನು ಬರೆದರೆ ಆ ಪದವಿರುವ ವಚನಗಳು ವಚನಕಾರರ ಹೆಸರಿನೊಂದಿಗೆ ಕ್ಷಣದಲ್ಲಿ ಕಣ್ಣೆದುರಿಗೆ ಬರುತ್ತವೆ. ಮಹಾಪ್ರಬಂಧಗಳೂ ಹೀಗೆ ದೊರೆಯುವಂತಾಗಬೇಕು. ಪುಟಗಳ ಛಾಯಾಚಿತ್ರವನ್ನಷ್ಟೇ ಸೇರಿಸಿದ ಹಳೆಯ ಪ್ರಬಂಧಗಳನ್ನು ಕಣ್ಣಿಂದ ಓದಬಹುದೇ ಹೊರತು ಅವುಗಳೊಳಗಿನ ಪದಗಳನ್ನು ಯಂತ್ರದಿಂದ ಹುಡುಕಲು ಬರುವುದಿಲ್ಲ. ತಂತ್ರಾಂಶದ ನೆರವಿನಿಂದ ಅವುಗಳನ್ನು ಮತ್ತೆ ಪಠ್ಯವಾಗಿ ಪರಿವರ್ತಿಸುವುದು ಸಾಧ್ಯವಾದರೂ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುವ ಶ್ರಮ ಉಳಿದೇ ಇರುತ್ತದೆ.

ಭಕ್ತಾದಿಗಳಲ್ಲಿ ವಿನಂತಿ

ಸಂಶೋಧನೆಯಲ್ಲಿ ತೊಡಗಿರುವ ತರುಣ ತರುಣಿಯರು ಮೊದಲ ಪುಟದಿಂದಲೇ ಯುನಿಕೋಡ್‌ನಲ್ಲಿ ಬರೆಯಬೇಕು. ಕೊನೆಯಲ್ಲಿ ಪರಿವರ್ತಿಸುತ್ತೇವೆಂದರೆ ತಪ್ಪುಗಳು ನುಸುಳುತ್ತವೆ. ಬೆರಳಚ್ಚಿನ ಅಂಗಡಿಗೆ ಕೊಡುವವರು ಇದನ್ನು ಮೊದಲೇ ತಿಳಿಸಬೇಕು. ಪಿಡಿಎಫ್ ಸಿದ್ಧವಾದ ಮೇಲೆ ಅದರಲ್ಲಿ ಒಂದು ಕನ್ನಡ ಪದವನ್ನು ಹುಡುಕಿ ನೋಡಬೇಕು. ಸಿಕ್ಕರೆ ಸರಿ, ಇಲ್ಲವಾದರೆ ಸಲ್ಲಿಸುವ ಮೊದಲೇ ಸರಿಪಡಿಸಬೇಕು. ಶೀರ್ಷಿಕೆ ಮತ್ತು ವಿಷಯಸೂಚಕ ಪದಗಳನ್ನು ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷ್ ಲಿಪಿಯಲ್ಲಿಯೂ ನಮೂದಿಸುವಂತೆ ಗ್ರಂಥಪಾಲಕರನ್ನು ಕೋರಬೇಕು.

ಓದಲು ಬಯಸುವ ಹಿರಿಯರು ಮಕ್ಕಳ ಅಥವಾ ಮೊಮ್ಮಕ್ಕಳ ನೆರವಿನಿಂದ ಈ ಭಂಡಾರವನ್ನು ತೆರೆಯಬಹುದು. ಕನ್ನಡದಲ್ಲಿ ಹುಡುಕಿ ಸಿಕ್ಕದಿದ್ದರೆ ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ, ಎರಡು ಮೂರು ಬಗೆಯ ಕಾಗುಣಿತದಲ್ಲಿ ಬರೆದು ಪ್ರಯತ್ನಿಸಬೇಕು. ಹಾಗೂ ಸಿಕ್ಕದಿದ್ದರೆ ವಿಶ್ವವಿದ್ಯಾಲಯದ ಹೆಸರನ್ನೂ ಕನ್ನಡ ಅಧ್ಯಯನ ವಿಭಾಗವನ್ನೂ ಆರಿಸಿಕೊಂಡು ಪಟ್ಟಿಯನ್ನು ನೋಡುವುದು ಒಳ್ಳೆಯ ಮಾರ್ಗ. ಅಲ್ಲಿಂದ ಪಡೆದ ವಿಷಯವನ್ನು ಲೇಖನ ಅಥವಾ ಉಪನ್ಯಾಸದಲ್ಲಿ ಬಳಸುವಾಗ ಸಂಶೋಧಕರ ಹೆಸರನ್ನು ತಪ್ಪದೆ ಹೇಳಬೇಕು. ಅದು ಅವರ ಶ್ರಮಕ್ಕೆ ನಾವು ಸಲ್ಲಿಸಬೇಕಾದ ಋಣ.

ಇನ್ನು ಮುಂದೆ ಪದವಿ ಪಡೆದವರನ್ನು ಸನ್ಮಾನಿಸುವ ಸಂದರ್ಭದಲ್ಲಿ ಶಾಲು ಫಲಗಳೊಂದಿಗೆ ಒಂದು ಪ್ರಶ್ನೆಯೂ ಇರಲಿ: 'ತಮ್ಮ ಪ್ರಬಂಧ ಶೋಧಗಂಗಾದಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ?' ಹೌದು ಎಂಬ ಉತ್ತರ ಬಂದರೆ ಆ ದಿನವೇ ಸಭಿಕರಿಗೆ ಅದರ ವಿಳಾಸವನ್ನು ತಿಳಿಸೋಣ. ಅನ್ನವನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸುವ ನಾವು ಅರಿವನ್ನೂ ಹಾಗೆಯೇ ಬಡಿಸಲು ಇದು ಸುಲಭವಾದ ದಾರಿ.



ಕಾರ್ಯದರ್ಶಿಗಳು, ಶ್ರೀಮಠ