ಹಿತ್ತಿಲ ಹಲಸು ಮತ್ತು ಮನೆಯ ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಆಡಿದ ಮಾತಿನ ಮೊದಲರ್ಧವನ್ನು ನಾವು ಮೂರು ವರ್ಷಗಳ ಕೆಳಗೆ ಅನುಭವಿಸಿ ತಿಳಿದೆವು. ಶಿವಮೊಗ್ಗೆಯಲ್ಲಿ ತುಂಗೆಗೆ ಅನತಿದೂರದಲ್ಲಿರುವ ನಮ್ಮ ಹೆಂಚಿನ ಮನೆಗೆ ಎರಡು ಕೋಣೆಗಳನ್ನು ಕೂಡಿಸಬೇಕಾಗಿ ಬಂದಿತು. ಕಲ್ಲಿಗೂ ಸಿಮೆಂಟಿಗೂ ತೊಡಕಾಗಲಿಲ್ಲ. ತೊಡಕೆಲ್ಲವೂ ಬಾಗಿಲ ಚೌಕಟ್ಟಿನಲ್ಲಿ. ಅಂಗಡಿಯವರು ತೋರಿಸಿದ ಮರವು ಹಡಗನ್ನೇರಿ ಕಡಲು ದಾಟಿ ಬಂದುದಾಗಿತ್ತು. ಮಲೆನಾಡಿನ ಹೆಬ್ಬಾಗಿಲೆಂದು ಕರೆಯಿಸಿಕೊಳ್ಳುವ ಊರಿನಲ್ಲಿ ನಿಂತು, ನಮ್ಮ ಬಾಗಿಲಿಗೆ ಪರದೇಶದ ಮರವನ್ನು ಬೆಲೆ ಕೊಟ್ಟು ತರುವುದೆಂದರೆ ನಮಗೆ ನಾಚಿಕೆಯೆನಿಸಿತು.

ಈ ಊರಿನ ಹಿಂದಿನ ಸ್ಥಿತಿಯನ್ನು ಕಾಣಬೇಕೆನ್ನುವವರು ಶಿವಪ್ಪನಾಯಕನ ಅರಮನೆಗೆ ಹೋಗಿ ನೋಡಬಹುದು. ಹೆಸರು ಕೆಳದಿಯ ಅರಸನದಾದರೂ ಕಟ್ಟಡವು ಹೈದರಾಲಿಯ ಕಾಲದ್ದೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಯ ಮರದ ಕಂಬಗಳ ಗಾತ್ರವನ್ನು ಕಂಡರೆ, ಅಂತಹ ಮರಗಳಿದ್ದ ಕಾಡು ಎಂತಹದಿದ್ದಿತೋ ಎಂದು ಮನಸ್ಸು ಬೆರಗಾಗುತ್ತದೆ. ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ಮತ್ತಿಯ ತೊಲೆ, ನಂದಿಯ ಜಂತೆ, ಹೊನ್ನೆಯ ಬಾಗಿಲು, ಹೆಂಚಿನಡಿಗೆ ಅಡಿಕೆಮರದ ದಬ್ಬೆ ಇರುತ್ತಿದ್ದುವು. ಯಾವ ಮರ ಎಲ್ಲಿಗೆ ಸಲ್ಲುವುದೆಂಬ ವಿವೇಕವು ಆಗ ಪ್ರತಿಯೊಬ್ಬ ಯಜಮಾನನಿಗೂ ಇದ್ದಿತು.

ಆ ಕಾಡು ಎಲ್ಲಿ ಹೋಯಿತೆಂದು ಕೇಳುವವರು ಭದ್ರಾವತಿಯ ಚರಿತ್ರೆಯನ್ನು ಓದಬೇಕು. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದಾಗ ಅದರ ಊದುಕುಲುಮೆಗೆ ಆಹಾರವಾದುದು ಕಲ್ಲಿದ್ದಲಲ್ಲ, ಸುತ್ತಣ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಲು. ಮರವನ್ನು ಬಟ್ಟಿಯಿಳಿಸಿ ಮದ್ಯಸಾರವನ್ನೂ ಡಾಂಬರನ್ನೂ ತೆಗೆಯುತ್ತಿದ್ದರು. ಹೊಗೆಯನ್ನು ಸಹ ವ್ಯರ್ಥಮಾಡದ ಆ ಜಾಣತನವನ್ನು ನಾವು ಮೆಚ್ಚಲೇಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಆ ಸಾಹಸದಿಂದ ಸಾವಿರಾರು ಸಂಸಾರಗಳಿಗೆ ಅನ್ನ ದೊರೆಯಿತೆಂಬುದೂ ನಿಜ. ಆದರೆ ಕುಲುಮೆಯ ಹಸಿವಿಗೂ ಮರದ ಬೆಳವಣಿಗೆಗೂ ಹೊಂದಿಕೆಯಾಗುವುದು ಸುಲಭವಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯು ಕಾಡಿನ ಬಿದಿರನ್ನು ಬೇಡಿತು. ಮುಂದೆ 1980ರಲ್ಲಿ ಆ ಕಾರ್ಖಾನೆಗಾಗಿ ಸರ್ಕಾರವು ವಿಸ್ತಾರವಾದ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ನೀಲಗಿರಿಯೂ ಅಕೇಶಿಯವೂ ಸಾಲುಸಾಲಾಗಿ ಎದ್ದುವು. 2015ರಲ್ಲಿ ಕಾಗದದ ತಯಾರಿಕೆ ನಿಂತಿತು, ತೋಪುಗಳು ಮಾತ್ರ ಉಳಿದುವು. 2020ರಲ್ಲಿ ಗುತ್ತಿಗೆಯನ್ನು ಮುಂದುವರಿಸಹೊರಟಾಗ, ನಮ್ಮೂರಿಗೆ ಅಕೇಶಿಯ ಬೇಡವೆಂದು ಮಲೆನಾಡಿನ ಜನರು ಎದ್ದುನಿಂತರು. ಒಂದೇ ಜಾತಿಯ ಮರವನ್ನು ಮೈಲಿಗಟ್ಟಲೆ ಬೆಳೆದರೆ ಅದು ಬೆಳೆಯಾಗುವುದೇ ಹೊರತು ಕಾಡಾಗುವುದಿಲ್ಲವೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸೊರಬದ ಕಾನುಗಳಲ್ಲಿ ಮರವನ್ನು ಉಳಿಸಿಕೊಂಡೇ ಮೆಣಸನ್ನು ಕೊಯ್ದು ಬಾಳಿದವರ ವಂಶವದು. ಆ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದಾರೆ.

ಹೀಗಿರಲು ಕಾಡಿನ ಮರವನ್ನು ಬಯಸುವ ಹಕ್ಕು ನಮಗುಳಿದಿಲ್ಲ. ಉಳಿದುದು ಹಿತ್ತಿಲು, ಬೇಲಿ, ತೋಟದ ಅಂಚು.

ನಮ್ಮ ಹಿತ್ತಿಲಲ್ಲಿ ಅಜ್ಜಿ ನೆಟ್ಟ ಹಲಸೊಂದಿದ್ದಿತು; ಕಾಯಿ ಬಿಡುವುದನ್ನು ನಿಲ್ಲಿಸಿ ಹಲವು ವರ್ಷಗಳಾಗಿದ್ದುವು. ಅದನ್ನು ಕಡಿಯುವ ಮಾತೆತ್ತಿದಾಗ ನಮ್ಮ ತಾಯಿಯವರು, “ಅತ್ತೆಯವರ ಕೈಯ ಮರ ಕಣೋ, ಮುಟ್ಟಬೇಡ” ಎಂದು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಕಡೆಗೆ, ದೇವರ ಮನೆಯ ಬಾಗಿಲಿಗೆ ಅದರ ಮರವೇ ಆಗಬೇಕೆಂಬ ಕರಾರಿನ ಮೇಲೆ ಒಪ್ಪಿದರು. ಮರವು ನಮ್ಮದೇ ಆದರೂ 1976ರ ವೃಕ್ಷ ಸಂರಕ್ಷಣಾ ಶಾಸನವೊಂದಿದೆ. ಸಿಲ್ವರ್ ಓಕ್, ತೆಂಗು, ಗಾಳಿಮರಗಳಂತಹ ಕೆಲವಕ್ಕೆ ವಿನಾಯಿತಿಯುಂಟು, ಉಳಿದುವಕ್ಕೆ ಅನುಮತಿ ಬೇಕು. ಕೊಡಲಿಯನ್ನೆತ್ತುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಶ್ರೀಗಂಧ, ಬೀಟೆಗಳ ವಿಷಯದಲ್ಲಂತೂ ಅವಶ್ಯವಾಗಿ.

ಮರ ಉರುಳಿದ ದಿನ ಆಚಾರಿಯವರು ಕೊರಡಿನ ಕೊಯ್ಲನ್ನು ತೋರಿಸಿ, “ನೋಡಿ ಯಜಮಾನರೆ, ಈ ಹಳದಿಯೆಲ್ಲ ಚೇಗು, ಇದಕ್ಕೆ ಗೆದ್ದಲು ಬಾಯಿಡುವುದಿಲ್ಲ. ಅಂಚಿನ ಬಿಳಿಯದು ಹುಳುವಿನ ಪಾಲು, ತೆಗೆದುಬಿಡೋಣ. ಆದರೆ ಹಲಗೆ ಕೊಯ್ಸಿದ ಮೇಲೆ ಒಂದು ವರ್ಷ ಮುಟ್ಟಬಾರದು” ಎಂದರು. ಗೃಹಪ್ರವೇಶದ ಮುಹೂರ್ತವು ಹತ್ತಿರವಾಗಿದ್ದುದರಿಂದ ನಾವು ಕೇಳಲಿಲ್ಲ. ಮೂರೇ ತಿಂಗಳಲ್ಲಿ ಹೊರಕೋಣೆಯ ಚೌಕಟ್ಟನ್ನು ಮಾಡಿಸಿದೆವು. ಬೇಸಗೆ ಬಂದಿತು, ಚೌಕಟ್ಟಿನ ಒಂದು ಕಾಲು ಬಿಲ್ಲಿನಂತೆ ಬಾಗಿ, ಬಾಗಿಲು ಕೂಡದೆ, ಇಂದಿಗೂ ಹಗ್ಗ ಕಟ್ಟಿಯೇ ಮುಚ್ಚುತ್ತೇವೆ. ತಪ್ಪು ಮರದ್ದಲ್ಲ, ಆಚಾರಿಯವರದೂ ಅಲ್ಲ.

ಉಳಿದ ಹಲಗೆಗಳಿಗೆ ಅವರು ಹೇಳಿದಂತೆ ನಡೆಸಿದೆವು. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ನಡುನಡುವೆ ಗಾಳಿಯಾಡಲು ಸಮದಪ್ಪದ ಪಟ್ಟಿಗಳನ್ನಿಟ್ಟು, ಬಿಸಿಲು ಮಳೆ ಬೀಳದ ಸೂರಿನಡಿ ಒಟ್ಟಿದೆವು. ಹಲಗೆಗಳ ತುದಿಗಳು ಮೊದಲು ಒಣಗಿ ಸೀಳುವುದರಿಂದ ಅವುಗಳಿಗೆ ಬಣ್ಣ ಬಳಿದೆವು. ದಪ್ಪ ಒಂದಂಗುಲವಾದರೆ ಒಂದು ವರ್ಷವೆಂಬುದು ಹಳಬರ ಲೆಕ್ಕ. ಬಿದಿರನ್ನು ಬಳಸುವವರು ಅದನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟರೆ ಒಳಗಿನ ಪಿಷ್ಟ ಕರಗಿ ಹುಳುವಿನ ಕಾಟ ತಗ್ಗುತ್ತದೆ.

ಹೊಸದಾಗಿ ನೆಡುವವರಿಗೆ ಒಂದು ಎಚ್ಚರಿಕೆ. ತೇಗವನ್ನು ನೆಟ್ಟು ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶರಾಗಿರೆಂಬ ಜಾಹೀರಾತುಗಳನ್ನು ನಂಬಿ 1990ರ ದಶಕದಲ್ಲಿ ಹಣ ಕಳೆದುಕೊಂಡವರು ಅನೇಕರು. ಎಳೆಯ ತೇಗದಲ್ಲಿ ಚೇಗು ಸ್ವಲ್ಪವೇ. ಹೆಬ್ಬೇವು ಏಳೆಂಟು ವರ್ಷಗಳಲ್ಲಿ ಪ್ಲೈವುಡ್ಡಿಗೆ ಒದಗುವುದು. ಅದರಿಂದ ಕೈಗೆ ಹಣ ಬರಬಹುದು, ಬಾಗಿಲು ಬರಲಾರದು. ಬಾಗಿಲು ಬೇಕೆಂದರೆ ಹಲಸು, ಹೆಬ್ಬಲಸು, ಹೊನ್ನೆಗಳನ್ನು ಬೇಲಿಯಂಚಿನಲ್ಲಿ ಬೆರಸಿ ನೆಟ್ಟು, ಮೊಮ್ಮಕ್ಕಳ ಹೆಸರಿಗೆ ಬಿಡಬೇಕು. ಸಸಿಗಳು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ದೊರೆಯುತ್ತವೆ.

ಎರಡು ವರ್ಷ ಒಣಗಿದ ಹಲಗೆಯಿಂದ ದೇವರ ಮನೆಯ ಬಾಗಿಲು ಕಳೆದ ಕಾರ್ತಿಕದಲ್ಲಿ ಕೂಡಿತು, ಕೂದಲೆಳೆಯಷ್ಟೂ ಸಂದಿಲ್ಲ. ನಮ್ಮ ತಾಯಿಯವರು ಅದಕ್ಕೆ ಅರಿಸಿನ ಕುಂಕುಮವಿಟ್ಟರು. ಹಲಸು ನಿಂತಿದ್ದ ಸ್ಥಳದ ಹತ್ತಿರ ಮೂರು ಸಸಿಗಳನ್ನು ನೆಟ್ಟಿದ್ದೆವು. ಒಂದನ್ನು ಪಕ್ಕದ ಮನೆಯ ಹಸು ಮೇಯ್ದಿತು. ಉಳಿದೆರಡು ಈ ಮಳೆಗಾಲಕ್ಕೆ ನಮ್ಮ ಕಿರಿಯ ಮಗಳ ಎತ್ತರಕ್ಕೆ ಬಂದಿವೆ.