ತೆನೆ ಬರುವ ಜಾಗದಲ್ಲಿ ಎಲೆ! ಸಜ್ಜೆಗೆ ಕಾಡುವ ಕೇದಿಗೆ ರೋಗ

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದವರಿಗೆಲ್ಲ ಸಜ್ಜೆ ಗೊತ್ತು. ಅದರ ಕಣಿಕೆಯ ಬೆಲೆ ಗೊತ್ತಿರೋದು ಮಾತ್ರ ಎಮ್ಮೆ ಕಟ್ಟಿದವನಿಗೆ. ಮೇವು ಕೈಕೊಟ್ಟರೆ ಹಾಲಿನವನು ರೇಟು ಏರಿಸ್ತಾನೆ, ಹೋಟೆಲಿನ ಚಾ ಕಪ್ಪು ಸಣ್ಣದಾಗ್ತದೆ. ಆದ್ದರಿಂದ ಈ ರೋಗದ ಕಥೆ ಪೇಟೆಯವರೂ ಕೇಳಬೇಕು ಸ್ವಾಮಿ.

ಕೇದಿಗೆ ರೋಗ ಬಂದ ಸಜ್ಜೆಯ ಎಲೆ ಬಿಳಿಚಿಕೊಳ್ಳುತ್ತದೆ. ನಸುಕಿನಲ್ಲಿ ಎಲೆ ತಿರುವಿ ನೋಡಿದರೆ ಅಡಿಯಲ್ಲಿ ಬಿಳಿ ಬೂಷ್ಟು. ಕೊನೆಗೆ ಕಾಳು ಕಟ್ಟಬೇಕಾದ ತೆನೆಯೇ ಎಲೆಯ ಕುಚ್ಚಾಗಿ ನಿಲ್ಲುತ್ತದೆ. ಇದರ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಹಿಂದೆ ಇದನ್ನು ಶಿಲೀಂಧ್ರ ಅಂತಲೇ ಬರೆಯುತ್ತಿದ್ದರು. ಈಗ ವಿಜ್ಞಾನಿಗಳು ಶಿಲೀಂಧ್ರದಂಥ ಬೇರೆ ಜೀವಿ ಅಂತಾರೆ. ಹೊಲದವನಿಗೆ ಎರಡೂ ಒಂದೇ, ನಷ್ಟ!

1965ರಲ್ಲಿ ದೇಶದ ಮೊದಲ ಹೈಬ್ರಿಡ್ ಸಜ್ಜೆ ಎಚ್.ಬಿ.-1 ಬಂತು. ಲುಧಿಯಾನದಲ್ಲಿ ತಯಾರಾದದ್ದು, ತಾಯಿ ತಳಿ ಅಮೆರಿಕದ್ದು. ಇಳುವರಿ ನೋಡಿ ರೈತರು ಮುಗಿಬಿದ್ದರು. 1970-71ರಲ್ಲಿ ದೇಶದ ಸಜ್ಜೆ 80 ಲಕ್ಷ ಟನ್ ಮುಟ್ಟಿತು. ಆದರೆ ಮುಂದೆ ಬಂದ ಹೈಬ್ರಿಡ್‌ಗಳಿಗೂ ಅದೇ ತಾಯಿ. ಆ ತಾಯಿಗೆ ಕೇದಿಗೆ ತಡೆಯುವ ಶಕ್ತಿ ಇರಲಿಲ್ಲ. ರೋಗ ಹಬ್ಬಿತು, ಬೆಳೆ ಕುಸಿಯಿತು. ಪೇಟೆಯ ಎಲ್ಲ ಅಂಗಡಿಗೂ ಒಂದೇ ಕೀಲಿಕೈ ಇದ್ದರೆ ಕಳ್ಳನಿಗೆ ಹಬ್ಬ ತಾನೆ?

1990ರಲ್ಲಿ ಹಿಸಾರಿನ ಹರಿಯಾಣ ಕೃಷಿ ವಿಶ್ವವಿದ್ಯಾನಿಲಯ ಎಚ್.ಎಚ್.ಬಿ. 67 ಎಂಬ ಹೈಬ್ರಿಡ್ ಕೊಟ್ಟಿತು. ಸುಮಾರು 65 ದಿನದಲ್ಲೇ ಕೊಯ್ಲು. ಮಳೆ ಕಡಿಮೆ ಇರುವ ಸೀಮೆಗೆ ವರ. ಕೆಲವೇ ವರ್ಷಗಳಲ್ಲಿ ಅದಕ್ಕೂ ಕೇದಿಗೆ ಹತ್ತತೊಡಗಿತು.

ಈ ಸಲ ವಿಜ್ಞಾನಿಗಳು ಬಿಡಲಿಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಹಿಸಾರಿನವರ ಜೊತೆ ಸೇರಿತು. ರೋಗ ತಾಳುವ ಸಜ್ಜೆಯ ಜೊತೆ ಹಳೆ ತಳಿಯನ್ನು ಮತ್ತೆ ಮತ್ತೆ ಕೂಡಿಸಿದರು. ತಡೆಶಕ್ತಿ ಯಾವ ಸಸಿಗೆ ಇಳಿದಿದೆ ಅಂತ ಡಿ.ಎನ್.ಎ. ಗುರುತಿನಿಂದ ಎಳೆಯದರಲ್ಲೇ ಆರಿಸಿದರು. ಸುಧಾರಿತ ಎಚ್.ಎಚ್.ಬಿ. 67 ಬಿಡುಗಡೆ ಆದದ್ದು 2005ರಲ್ಲಿ. ಇದು ಕುಲಾಂತರಿ ಅಲ್ಲ, ಸಜ್ಜೆಗೆ ಸಜ್ಜೆಯನ್ನೇ ಕೂಡಿಸಿದ್ದು.

ಪರೀಕ್ಷೆ ಮಾಡುವ ರೀತಿಯೂ ಸ್ವಾರಸ್ಯ. ಬೇಗ ರೋಗ ಹಿಡಿಯುವ ಸಜ್ಜೆಯನ್ನು ಮೊದಲೇ ಸಾಲಾಗಿ ಬಿತ್ತಿ, ಬೇಕಂತಲೇ ರೋಗ ಹತ್ತಿಸಿ, ಪಕ್ಕದಲ್ಲಿ ಹೊಸ ತಳಿ ಬೆಳೆಸ್ತಾರೆ. ತಡೆದು ನಿಂತದ್ದು ಪಾಸು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದವರೂ ಈ ರೋಗದ ಮೇಲೆ ಬಹಳ ವರ್ಷ ದುಡಿದಿದ್ದಾರೆ.

ಹಾಗಂತ ಕಥೆ ಮುಗಿಯಿತು ಅನ್ನಬೇಡಿ. ರೋಗವೂ ವೇಷ ಬದಲಿಸುತ್ತದೆ. ಇವತ್ತು ತಡೆದ ತಳಿ ನಾಳೆ ಸೋಲಬಹುದು. ಔಷಧಿ ಲೇಪಿಸಿದ ಬೀಜವನ್ನೇ ಬಿತ್ತಬೇಕು, ತಳಿ ಬದಲಿಸ್ತಾ ಇರಬೇಕು.

ಬಸ್ಸಿಗೆ ಕಾಯುವಾಗ ಪಕ್ಕದ ಹೊಲದಲ್ಲಿ ತೆನೆಯ ಬದಲು ಎಲೆಯ ಕುಚ್ಚು ಕಂಡರೆ ಹೊಲದವನಿಗೆ ಒಂದು ಮಾತು ಹೇಳಿ ಹೋಗಿ. ಆ ಗಿಡ ಕಿತ್ತು ಸುಟ್ಟರೆ ಮುಂದಿನ ವರ್ಷದ ಬೆಳೆ ಅಷ್ಟಾದರೂ ಉಳಿದೀತು.